ಜೆಫರ್ಸನ್ ಕಟ್ಟಿದ ಸರ್ವಕಲಾಶಾಲೆ

ಥಾಮಸ್ ಜೆಫರ್ಸನ್ ಮಹಾಶಯನು 1743ರಲ್ಲಿ ವರ್ಜೀನಿಯಾದಲ್ಲಿ ಜನಿಸಿದನು. ಅಮೆರಿಕಾದ ಸ್ವಾತಂತ್ರ್ಯ ಘೋಷಣೆಯನ್ನು ಬರೆದನು. ಎಂಟು ವರ್ಷ ರಾಷ್ಟ್ರಾಧ್ಯಕ್ಷನಾಗಿದ್ದನು. ಇವು ವಾಚಕರಿಗೆ ವಿದಿತವೇ. ಆದರೆ ತನ್ನ ಗೋರಿಯ ಮೇಲೆ ಕೆತ್ತಲೆಂದು ಆತನು ಆರಿಸಿಟ್ಟ ಮೂರು ಕಾರ್ಯಗಳಲ್ಲಿ ಅಧ್ಯಕ್ಷಪದವಿಗೆ ಸ್ಥಳವಿಲ್ಲ. ವರ್ಜೀನಿಯಾ ಸರ್ವಕಲಾಶಾಲೆಗೆ ಉಂಟು.

1819ರಲ್ಲಿ ಸನ್ನದು ಪಡೆದ ಆ ಸಂಸ್ಥೆಯ ನಕ್ಷೆಗಳನ್ನು ಎಪ್ಪತ್ತು ದಾಟಿದ ಆ ವೃದ್ಧನು ಸ್ವಹಸ್ತದಿಂದಲೇ ರಚಿಸಿದನು. ಒಂದೇ ದೊಡ್ಡ ಕಟ್ಟಡವು ಬೆಂಕಿಗೂ ರೋಗಕ್ಕೂ ಗದ್ದಲಕ್ಕೂ ಎಡೆಯೆಂದು ಭಾವಿಸಿ, ವಿಶಾಲವಾದ ಹುಲ್ಲುಬಯಲಿನ ಇಕ್ಕೆಲಗಳಲ್ಲಿ ಹತ್ತು ಮನೆಗಳನ್ನು ಕಟ್ಟಿಸಿದನು. ಕೆಳಗೆ ಪಾಠ, ಮೇಲೆ ಅಧ್ಯಾಪಕರ ವಾಸ; ನಡುನಡುವೆ ವಿದ್ಯಾರ್ಥಿಗಳ ಕೋಣೆಗಳು. ಬಯಲಿನ ತಲೆಯಲ್ಲಿ, ಇತರರಾದರೆ ಪ್ರಾರ್ಥನಾಮಂದಿರವನ್ನು ನಿಲ್ಲಿಸುತ್ತಿದ್ದ ಎಡೆಯಲ್ಲಿ, ಗುಮ್ಮಟವುಳ್ಳ ಪುಸ್ತಕಭಂಡಾರ. ಆ ಕಾಲಕ್ಕೆ ಇದು ಧೀರಕಾರ್ಯವೇ ಸರಿ.

ಆದರೆ ನೆಲ ಸಮಮಾಡಿ, ಇಟ್ಟಿಗೆ ಸುಟ್ಟು, ಕಲ್ಲು ಹೊತ್ತವರಲ್ಲಿ ಬಹುಮಂದಿ ಗುಲಾಮರು. ಮನುಷ್ಯರ ಸಮಾನತೆಯನ್ನು ಸಾರಿದ ಜೆಫರ್ಸನನೇ ಜೀವಮಾನದಲ್ಲಿ 600ಕ್ಕೂ ಮಿಕ್ಕ ಗುಲಾಮರಿಗೆ ಒಡೆಯನಾಗಿದ್ದನು. 1825ರಲ್ಲಿ ಪಾಠಗಳು ಆರಂಭವಾದಾಗ ಕಟ್ಟಿದವರಿಗೆ ಅಲ್ಲಿ ಓದುವ ಹಕ್ಕಿರಲಿಲ್ಲ. ಮರುವರ್ಷ ಜುಲೈ 4ರಂದು, ಘೋಷಣೆಯ ಐವತ್ತನೆಯ ವಾರ್ಷಿಕ ದಿನದಂದೇ, ಆತನು ಕಾಲವಾದನು. ಅಲ್ಲಿ ದುಡಿದ ಸುಮಾರು 4,000 ಗುಲಾಮರಿಗೆ ಸ್ಮಾರಕವಾದದ್ದು 2020ರಲ್ಲಿ. ಬಹುಮಂದಿಯ ಹೆಸರಿರಬೇಕಾದಲ್ಲಿ ಕಲ್ಲಿನಲ್ಲಿ ಕೊರೆದ ಗೀಟು ಮಾತ್ರ ಇದೆ.