ಠೇವಣಿ ಕಳೆದುಕೊಂಡ ಲಾರ್ಡ್ ಸಚ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಪ್ರಸಿದ್ಧರೊಬ್ಬರ ಜೀವನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುವವರು ಅನೇಕರಿದ್ದಾರೆ. ಸಮಾಜ ವಿಜ್ಞಾನ ಪಾಠ ಮಾಡುವ ನಾನು, ಪಾರ್ಲಿಮೆಂಟಿಗೆ ಒಮ್ಮೆಯೂ ಗೆಲ್ಲದ ಇಂಗ್ಲೆಂಡಿನವರೊಬ್ಬರನ್ನು ಆರಿಸಿಕೊಂಡಿದ್ದೇನೆ. ನಮ್ಮ ಹೊಟ್ಟೆಪಕ್ಷದ ರಂಗಸ್ವಾಮಿಯವರು ಚುನಾವಣೆ ಮೇಲೆ ಚುನಾವಣೆಗೆ ನಿಂತದ್ದನ್ನು ಬಲ್ಲ ಹಿರಿಯರಿಗೆ ಇವರು ತೀರ ಅಪರಿಚಿತರೆನಿಸಲಾರರು.

ಡೇವಿಡ್ ಎಡ್ವರ್ಡ್ ಸಚ್ ಹುಟ್ಟಿದ್ದು 1940ರ ನವೆಂಬರ್ 10ರಂದು, ಲಂಡನ್ನಿನಲ್ಲಿ. ತಂದೆ ಪೊಲೀಸ್ ನೌಕರಿಯಲ್ಲಿದ್ದವರು. ಮಗು ನಡೆಯುವ ಮೊದಲೇ, ಯುದ್ಧದ ಆ ದಿನಗಳಲ್ಲಿ ಅವರು ತೀರಿಕೊಂಡರು. ತಾಯಿ ಒಬ್ಬರೇ ಬಡತನದಲ್ಲಿ ಮಗನನ್ನು ಸಾಕಿದರು. ಹುಡುಗ ರಾಕ್ ಸಂಗೀತದ ಹಾಡುಗಾರನಾದ. ಶವಪೆಟ್ಟಿಗೆಯೊಳಗಿಂದ ಎದ್ದು ಬಂದು ಹಾಡುವುದು ಅವರ ವಿಶೇಷ. ಹೆಸರಿನ ಹಿಂದಿನ 'ಸ್ಕ್ರೀಮಿಂಗ್ ಲಾರ್ಡ್', ಅಂದರೆ ಕಿರುಚುವ ಪ್ರಭು, ಎಂಬ ಬಿರುದನ್ನು ಯಾವ ರಾಣಿಯೂ ಕೊಟ್ಟದ್ದಲ್ಲ, ತಾವೇ ಇಟ್ಟುಕೊಂಡದ್ದು!

1963ರಲ್ಲಿ ಯುದ್ಧ ಮಂತ್ರಿ ಪ್ರೊಫ್ಯೂಮೊ ಹಗರಣವೊಂದರಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟರು. ಅವರ ಕ್ಷೇತ್ರ ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್. ಅಲ್ಲಿನ ಉಪಚುನಾವಣೆಗೆ 22 ವರ್ಷದ ಸಚ್ 'ನ್ಯಾಷನಲ್ ಟೀನೇಜ್ ಪಾರ್ಟಿ' ಎಂಬ ಪಕ್ಷದ ಹೆಸರಿನಲ್ಲಿ ನಿಂತರು. 18 ವರ್ಷದವರಿಗೆ ಮತ ಕೊಡಿ ಎಂಬುದು ಅವರ ಬೇಡಿಕೆ. ಆಗ ಬ್ರಿಟನ್ನಿನಲ್ಲಿ ಮತದಾನಕ್ಕೆ 21 ತುಂಬಬೇಕಿತ್ತು. ದುಡಿದು ತೆರಿಗೆ ಕಟ್ಟುವ, ಸೈನ್ಯಕ್ಕೆ ಸೇರುವ ಹುಡುಗರಿಗೆ ಮತವಿಲ್ಲ. ಜನ ನಕ್ಕರು, 208 ಮತ ಬಂತು. ಆದರೆ 1969ರಲ್ಲಿ ಅಲ್ಲಿನ ಪಾರ್ಲಿಮೆಂಟು ವಯಸ್ಸನ್ನು 18ಕ್ಕೆ ಇಳಿಸಿತು. ಇದು ಸಚ್ ಒಬ್ಬರಿಂದಲೇ ಆದದ್ದೆಂದು ನಾನು ಹೇಳಲಾರೆ, ಕೇಳಿದವರು ಬೇರೆಯವರೂ ಇದ್ದರು. ನಮ್ಮಲ್ಲಿ ಅದೇ ಹಕ್ಕು ಬಂದದ್ದು 61ನೇ ತಿದ್ದುಪಡಿಯಿಂದ, 1989ರಲ್ಲಿ. ಅದಕ್ಕೂ ಮುಂಚೆ ಈ ಶಾಲೆ ಬಿಟ್ಟವರಿಗೆ ಆ ಕಾಯುವಿಕೆ ನೆನಪಿದ್ದೀತು.

ರೇಡಿಯೊ ಪ್ರಸಾರವೆಲ್ಲ ಬಿ.ಬಿ.ಸಿ. ಒಂದರದೇ ಏಕೆ ಎಂದು ಕೇಳಿದ ಸಚ್, 1964ರಲ್ಲಿ ಥೇಮ್ಸ್ ನದೀಮುಖದ ಹಳೆಯ ಯುದ್ಧಕಾಲದ ಕೋಟೆಯೊಂದರಿಂದ ತಮ್ಮದೇ ರೇಡಿಯೊ ಹಚ್ಚಿದರು. ಖಾಸಗಿ ರೇಡಿಯೊಗೂ 1973ರ ಹೊತ್ತಿಗೆ ಅಲ್ಲಿ ಪರವಾನಗಿ ಸಿಕ್ಕಿತು.

1983ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರು 'ಮಾನ್‌ಸ್ಟರ್ ರೇವಿಂಗ್ ಲೂನಿ ಪಾರ್ಟಿ'. ಕನ್ನಡದಲ್ಲಿ ಹುಚ್ಚರ ಪಕ್ಷ ಎನ್ನಬಹುದು. ಏಕಸ್ವಾಮ್ಯ ತಡೆಯುವ ಆಯೋಗ ದೇಶಕ್ಕೆಲ್ಲ ಒಂದೇ ಏಕಿದೆ ಎಂಬುದು ಆ ಪಕ್ಷ ಕೇಳಿದ ಪ್ರಶ್ನೆ. ಹುಚ್ಚರು ಕೇಳುವ ಪ್ರಶ್ನೆಯೇ ಇದು?

ಠೇವಣಿ ಕಳೆದುಕೊಳ್ಳುವುದೆಂದರೇನು ಸಾರ್ ಎಂದು ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ. ಬ್ರಿಟನ್ನಿನಲ್ಲಿ 150 ಪೌಂಡ್ ಇದ್ದ ಠೇವಣಿ 1985ರಲ್ಲಿ 500 ಆಯಿತು. ತಮಾಷೆಗೆ ನಿಲ್ಲುವವರನ್ನು ದೂರವಿಡಬೇಕೆಂಬ ಉದ್ದೇಶವೂ ಅದರಲ್ಲಿತ್ತು. ಸಚ್ ಹಾಡಿ ಸಂಪಾದಿಸಿದ್ದನ್ನು ಠೇವಣಿಗೆ ಕಟ್ಟುತ್ತಲೇ ಹೋದರು, 40ಕ್ಕೂ ಹೆಚ್ಚು ಚುನಾವಣೆ ಸೋತರು. ಅಲ್ಲಿ ಫಲಿತಾಂಶ ಓದುವಾಗ ಅಭ್ಯರ್ಥಿಗಳೆಲ್ಲ ಒಂದೇ ವೇದಿಕೆಯಲ್ಲಿ ಸಾಲಾಗಿ ನಿಲ್ಲುವುದು ರೂಢಿ. 1983ರಲ್ಲಿ ಪ್ರಧಾನಿ ಥ್ಯಾಚರ್ ಅವರ ಫಿಂಚ್ಲಿ ಕ್ಷೇತ್ರದಲ್ಲೂ ಅವರು ನಿಂತಿದ್ದರು. ಪ್ರಧಾನಿಯ ಮತಗಳನ್ನು ಓದಿದ ಅಧಿಕಾರಿಯೇ ಉದ್ದ ಟೋಪಿಯ ಈ ಹಾಡುಗಾರನ 235 ಮತಗಳನ್ನೂ ಗಂಭೀರವಾಗಿ ಓದಬೇಕಾಯಿತು. ಪ್ರಜಾಪ್ರಭುತ್ವವನ್ನು ಬೋಧಿಸುವ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

1990ರ ಬೂಟ್ಲ್ ಉಪಚುನಾವಣೆಯಲ್ಲಿ ಸಚ್‌ಗೆ 418 ಮತ, ಮಾಜಿ ವಿದೇಶಾಂಗ ಮಂತ್ರಿ ಡೇವಿಡ್ ಓವೆನ್ ಅವರ ಪಕ್ಷಕ್ಕೆ 155. ಹುಚ್ಚರ ಪಕ್ಷಕ್ಕಿಂತ ಹಿಂದೆ ಬಿದ್ದ ಆ ಪಕ್ಷವನ್ನು ಕೆಲವೇ ದಿನಗಳಲ್ಲಿ ಮುಚ್ಚಿದರು. ನಾಲ್ಕು ವರ್ಷದ ನಂತರ ರಾಥರ್‌ಹ್ಯಾಮ್‌ನಲ್ಲಿ ಸಚ್ 1,114 ಮತ ಪಡೆದರು.

ನಗಿಸುತ್ತಿದ್ದವರು ಒಳಗೆ ಬಹುಕಾಲ ಖಿನ್ನತೆಯಿಂದ ನರಳುತ್ತಿದ್ದರು. 1997ರಲ್ಲಿ ತಾಯಿ ಹೋದರು. ಒಬ್ಬರೇ ಇದ್ದು ಸಾಕಿದ ತಾಯಿ. 1999ರ ಜೂನ್ 16ರಂದು ಸಚ್ ತಾವೇ ತಮ್ಮ ಜೀವ ತೆಗೆದುಕೊಂಡರು. ಆಗ ಅವರಿಗೆ 58 ವರ್ಷ. ಇದನ್ನು ಬಿಟ್ಟುಬಿಡಬಹುದಿತ್ತು, ಆದರೆ ನಗುವ ಮುಖದ ಹಿಂದೆ ಕಾಯಿಲೆ ಇರಬಹುದೆಂದು ನಮ್ಮ ಮಕ್ಕಳೂ ಪೋಷಕರೂ ತಿಳಿದಿರಲಿ ಎಂದು ಬರೆದೆ.

ಅವರ ನಂತರ ಪಕ್ಷದವರು ಸಂಗಡಿಗ ಅಲನ್ ಹೋಪ್ ಅವರನ್ನೂ, ಜೊತೆಗೆ ಅವರ ಬೆಕ್ಕನ್ನೂ ಜಂಟಿ ನಾಯಕರನ್ನಾಗಿ ಆರಿಸಿದರು. ಆ ಪಕ್ಷ ಈಗಲೂ ಚುನಾವಣೆಗೆ ನಿಲ್ಲುತ್ತದೆ, ಠೇವಣಿ ಕಳೆದುಕೊಳ್ಳುತ್ತದೆ.