ತಲೆ ಎಣಿಸಿದ ನಾಯಕನು
(ಅರ್ನೆಸ್ಟ್ ಶ್ಯಾಕಲ್ಟನನ ಚರಿತ್ರೆ)

ಕುರಿ ಕಾಯುವವನು ಸಾಯಂಕಾಲ ಹಟ್ಟಿಗೆ ತಿರುಗಿ ಬಂದಾಗ ಮೊದಲು ಮಾಡುವ ಕೆಲಸವೇನಂದರೆ ತಲೆಗಳನ್ನು ಎಣಿಸುವದು. ಯಾವದು ಕುಂಟುತ್ತದೆ, ಯಾವದು ಮೇಯಲಿಲ್ಲ ಎಂಬದೂ ಅವನಿಗೆ ತಿಳಿದಿರುವದು. ಮನುಷ್ಯರನ್ನು ನಡಿಸುವವನಿಗೂ ಇಂಥ ಕಣ್ಣು ಬೇಕು. ಆ ಕಣ್ಣುಳ್ಳ ಒಬ್ಬನ ಚರಿತ್ರೆಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ಅರ್ನೆಸ್ಟ್ ಶ್ಯಾಕಲ್ಟನನು ೧೮೭೪ನೇ ಫೆಬ್ರವರಿ ೧೫ರಲ್ಲಿ ಐರ್ಲೆಂಡ್ ದೇಶದ ಕಿಲ್ಕೀ ಎಂಬಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿನಲ್ಲಿ ಹಡಗಿನ ಕೆಲಸಕ್ಕೆ ಸೇರಿದನು. ಭೂಮಿಯ ದಕ್ಷಿಣದ ಕಡೇ ಭಾಗದಲ್ಲಿ ಅಂಟಾರ್ಕ್ಟಿಕ ಎಂಬ ಖಂಡವುಂಟು. ಅಲ್ಲಿ ಪೈರಿಲ್ಲ, ಮರವಿಲ್ಲ. ನೆಲವೆಲ್ಲಾ ಮಂಜುಗಡ್ಡೆಯಿಂದ ಮುಚ್ಚಿರುವದು. ೧೯೦೯ನೇ ಜನವರಿಯಲ್ಲಿ ಈತನು ಮೂವರು ಸಂಗಡಿಗರೊಂದಿಗೆ ದಕ್ಷಿಣ ಧ್ರುವಕ್ಕೆ ಇನ್ನು ಸುಮಾರು ೧೧೦ ಮೈಲು ಉಳಿದಿರುವಷ್ಟು ಸಮೀಪಕ್ಕೆ ಹೋದನು. ಆದರೆ ಆಹಾರವು ತೀರುತ್ತಾ ಬಂತು. ಮುಂದೆ ಹೋದರೆ ಕೀರ್ತಿ ಬರುವದು, ಜನರು ಬದುಕರು ಎಂದು ಕಂಡು ಹಿಂದಿರುಗಿದನು. ಆ ದಾರಿಯಲ್ಲಿ ಫ್ರಾಂಕ್ ವೈಲ್ಡ್ ಎಂಬ ಸಂಗಡಿಗನು ಸೊರಗಿದ್ದನ್ನು ನೋಡಿ, ತನ್ನ ಪಾಲಿಗೆ ಬಂದ ಒಂದೇ ಬಿಸ್ಕತ್ತನ್ನು ಒತ್ತಾಯದಿಂದ ಅವನ ಕೈಯಲ್ಲಿಟ್ಟನು. ವೈಲ್ಡನು ಅದನ್ನು ಎಂದಿಗೂ ಮರೆಯಲಿಲ್ಲ.

೧೯೧೪ರಲ್ಲಿ ಆ ಖಂಡವನ್ನು ಅಡ್ಡಹಾಯುವದಕ್ಕಾಗಿ ಎಂಡ್ಯೂರೆನ್ಸ್ ಎಂಬ ಹಡಗಿನಲ್ಲಿ ಹೊರಟರು. ಆ ಹಡಗಿನಲ್ಲಿ ಶ್ಯಾಕಲ್ಟನನ ಸಹಿತ ೨೮ ಜನರಿದ್ದರು. ೧೯೧೫ನೇ ಜನವರಿಯಲ್ಲಿ ಹಡಗು ಸಮುದ್ರದ ಹಿಮಕ್ಕೆ ಸಿಕ್ಕಿಕೊಂಡಿತು; ಹಿಮವು ಅದನ್ನು ಹಿಸುಕಿದ್ದರಿಂದ ಅಕ್ಟೋಬರ್ ೨೭ರಲ್ಲಿ ಎಲ್ಲರೂ ಮಂಜುಗಡ್ಡೆಯ ಮೇಲೆ ಇಳಿಯಬೇಕಾಯಿತು; ನವೆಂಬರ್ ೨೧ರಲ್ಲಿ ಅದು ಮುಳುಗಿಹೋಯಿತು. ಅಂದಿನಿಂದ ಈ ನಾಯಕನಿಗೆ ಒಂದೇ ಗುರಿ: ಇವರನ್ನೆಲ್ಲಾ ಜೀವದಿಂದ ಮನೆಗೆ ಸೇರಿಸುವದು.

ಸ್ವಂತ ಸಾಮಾನು ತಲೆಗೆ ಎರಡು ರಾತಲು ಮಾತ್ರ ಎಂದು ಅಪ್ಪಣೆಯಾಯಿತು. ಮೊದಲು ತಾನೇ ತನ್ನ ಚಿನ್ನದ ನಾಣ್ಯಗಳನ್ನು ಹಿಮದ ಮೇಲೆ ಎಸೆದನು. ರಾಣಿಯು ಕೊಟ್ಟ ಸತ್ಯವೇದವನ್ನು ಸಹ ಅಲ್ಲಿ ಬಿಟ್ಟು, ಅವಳ ಬರಹವಿದ್ದ ಹಾಳೆಯನ್ನೂ ಯೋಬನ ಗ್ರಂಥದ ಒಂದು ಹಾಳೆಯನ್ನೂ ಇಟ್ಟುಕೊಂಡನು. ಆದರೆ ಹಸ್ಸಿ ಎಂಬವನ ಭಾರವಾದ ತಂತಿವಾದ್ಯವನ್ನು ಬಿಡಗೊಡಲಿಲ್ಲ. ಹೊಟ್ಟೆಯಂತೆ ಮನಸ್ಸಿಗೂ ಆಹಾರ ಬೇಕೆಂದು ಅವನು ಬಲ್ಲವನು. ತುಪ್ಪುಳಿನ ಬೆಚ್ಚನೆಯ ಮಲಗುವ ಚೀಲಗಳು ೧೮ ಮಾತ್ರ ಇದ್ದವು. ಚೀಟು ಹಾಕಿದಾಗ ಅವು ಸಾಮಾನ್ಯ ನಾವಿಕರ ಪಾಲಿಗೆ ಬಂದವು. ಶ್ಯಾಕಲ್ಟನನಿಗೂ ಮುಖ್ಯಾಧಿಕಾರಿಗಳಿಗೂ ಕಡಿಮೆ ಬಿಸಿಯುಳ್ಳ ಉಣ್ಣೆಯ ಚೀಲಗಳು ಬಂದವು. ಇದು ಅಕಸ್ಮಾತ್ತಲ್ಲವೆಂದು ನಾವಿಕರು ಗುರುತಿಸಿಕೊಂಡರು. ಗೊಣಗುವವರನ್ನು ದೂರ ತಳ್ಳದೆ ತನ್ನ ಡೇರೆಯಲ್ಲಿಯೇ ಮಲಗಿಸಿಕೊಂಡನು.

೧೯೧೬ನೇ ಏಪ್ರಿಲಿನಲ್ಲಿ ಮೂರು ದೋಣಿಗಳಲ್ಲಿ ಎಲಿಫಂಟ್ ದ್ವೀಪವನ್ನು ಮುಟ್ಟಿದರು. ದಾರಿಯಲ್ಲಿ ಕೈಚೀಲ ಕಳಕೊಂಡ ಒಬ್ಬನಿಗೆ ತನ್ನವುಗಳನ್ನು ಕೊಟ್ಟದ್ದರಿಂದ ಶ್ಯಾಕಲ್ಟನನ ಬೆರಳು ಶೀತದಿಂದ ಮರಗಟ್ಟಿತು. ಆ ದ್ವೀಪಕ್ಕೆ ಯಾವ ಹಡಗೂ ಬರುತ್ತಿರಲಿಲ್ಲ. ಆದಕಾರಣ ೨೨ ಜನರನ್ನು ವೈಲ್ಡನ ವಶಕ್ಕೆ ಬಿಟ್ಟು, ಐವರೊಂದಿಗೆ ಒಂದು ಸಣ್ಣ ದೋಣಿಯಲ್ಲಿ ೮೦೦ ಸಮುದ್ರ ಮೈಲು ದೂರದ ಸೌತ್ ಜಾರ್ಜಿಯಕ್ಕೆ ಹೊರಟನು. ದೋಣಿಯಲ್ಲಿ ಒಬ್ಬನು ಚಳಿಯಿಂದ ನಡುಗುವದನ್ನು ಕಂಡರೆ ಎಲ್ಲರಿಗೂ ಬಿಸಿ ಪಾನ ಕೊಡಿಸುತ್ತಿದ್ದನು. ತನ್ನ ನಿಮಿತ್ತವೇ ಇದಾಯಿತೆಂದು ಆ ಬಲಹೀನನು ತಿಳಿದು ನಾಚಿಕೊಳ್ಳಬಾರದೆಂಬದೇ ಅದರ ಗುಟ್ಟು. ದಡ ಸೇರಿದ ಮೇಲೆ ಮೂವರು ಹಿಮದ ಬೆಟ್ಟಗಳನ್ನು ೩೬ ತಾಸುಗಳಲ್ಲಿ ದಾಟಿದರು. ಕಾಣದಿರುವ ನಾಲ್ಕನೆಯವನೊಬ್ಬನು ತಮ್ಮ ಜೊತೆಯಲ್ಲಿ ನಡೆದಂತೆ ಅವರಿಗೆ ತೋರಿತೆಂದು ಆಮೇಲೆ ಅರಿಕೆಮಾಡಿದರು.

ದ್ವೀಪದಲ್ಲಿ ಉಳಿದವರಿಗಾಗಿ ಮೂರು ಸಾರಿ ಹಡಗು ತಕ್ಕೊಂಡು ಹೋಗಿ, ಮೂರು ಸಾರಿಯೂ ಹಿಮದಿಂದ ತಡೆಯಲ್ಪಟ್ಟನು. ನಾಲ್ಕನೆಯ ಸಾರಿ, ೧೯೧೬ನೇ ಆಗಸ್ಟ್ ೩೦ರಲ್ಲಿ, ಚಿಲಿ ದೇಶದ ಯೆಲ್ಚೋ ಎಂಬ ಸಣ್ಣ ಹಡಗಿನಲ್ಲಿ ಸಮೀಪಿಸಿ ದಡದ ಮೇಲಿನ ತಲೆಗಳನ್ನು ಎಣಿಸಿದನು. ೨೨ ಇದ್ದವು, ಒಂದೂ ಕಡಿಮೆಯಾಗಿರಲಿಲ್ಲ.

ಆದರೂ ಈತನು ದೋಷವಿಲ್ಲದವನಲ್ಲ. ಖಂಡದ ಆಚೇ ಕಡೆಯಲ್ಲಿ ಕೆಲಸ ಮಾಡಲು ಅವನು ಕಳುಹಿಸಿದ್ದ ತಂಡದಲ್ಲಿ ಮೂವರು ಸತ್ತರು. ಮ್ಯಾಕ್ನಿಶ್ ಎಂಬ ಬಡಗಿಯು ಹಿಮದ ಮೇಲೆ ಒಮ್ಮೆ ನಡೆಯಲೊಲ್ಲೆನೆಂದು ಎದುರುನಿಂತಿದ್ದನು. ಆ ಸಣ್ಣ ದೋಣಿಗೆ ಗೋಡೆ ಎತ್ತಿ ಮುಚ್ಚಿಗೆ ಮಾಡಿ ಸಮುದ್ರಕ್ಕೆ ತಕ್ಕದ್ದಾಗಿ ಮಾಡಿದವನೂ ಅವನೇ. ಹೀಗಿದ್ದರೂ ಪದಕಕ್ಕಾಗಿ ಶ್ಯಾಕಲ್ಟನನು ಅವನನ್ನು ಶಿಫಾರಸು ಮಾಡಲಿಲ್ಲ. ನಡುಗುವವನನ್ನು ಅಷ್ಟು ಬೇಗ ಕಂಡ ಕಣ್ಣು, ಎದುರು ಮಾತಾಡಿದವನ ಪ್ರಯಾಸವನ್ನು ಕಾಣದೆ ಹೋಯಿತು.

೧೯೨೨ನೇ ಜನವರಿ ೫ರಲ್ಲಿ ಶ್ಯಾಕಲ್ಟನನು ಸೌತ್ ಜಾರ್ಜಿಯದಲ್ಲಿ ಹೃದಯದ ರೋಗದಿಂದ ತೀರಿಕೊಂಡನು; ಅಲ್ಲಿಯೇ ಅವನ ಸಮಾಧಿಯಿದೆ. ಮುಳುಗಿದ ಹಡಗು ೨೦೨೨ನೇ ಮಾರ್ಚಿನಲ್ಲಿ ಸಮುದ್ರದ ತಳದಲ್ಲಿ ಸಿಕ್ಕಿತು.

ಸಭೆಯ ಹಿರಿಯರೇ, ಮನೆಯ ಯಜಮಾನರೇ, ಆದಿತ್ಯವಾರ ಬೆಳಿಗ್ಗೆ ನೀವೂ ತಲೆಗಳನ್ನು ಎಣಿಸಿರಿ. ಈ ವಾರ ಬಾರದವಳು ಯಾರು? ಹಿಂದಿನ ಸಾಲಿನಲ್ಲಿ ಹಸಿದು ಕೂತಿರುವವನು ಯಾರು? ಅವನಿಗೆ ಕೊಡುವದನ್ನು ಅವನು ತಲೆತಗ್ಗಿಸದ ಹಾಗೆ ಕೊಡಿರಿ. ಕಳೆದ ಕೂಟದಲ್ಲಿ ನಿಮಗೆ ಎದುರಾಡಿದ ಸಹೋದರನನ್ನೂ ಆ ಲೆಕ್ಕದಿಂದ ಬಿಡಬೇಡಿರಿ. ನಮ್ಮ ಒಳ್ಳೇ ಕುರುಬನು ಆತನನ್ನೂ ಹೆಸರು ಹಿಡಿದು ಕರೆದಿದ್ದಾನಲ್ಲವೇ?