ಸಾಲ್ಪೆಟ್ರಿಯೇರಿನ ಶಾರ್ಕೋ

ಪ್ಯಾರಿಸ್ ನಗರದಲ್ಲಿ ಸಾಲ್ಪೆಟ್ರಿಯೇರ್ ಎಂಬ ದೊಡ್ಡ ಆಸ್ಪತ್ರೆಯೊಂದಿದೆ. ಪೂರ್ವದಲ್ಲಿ ಪೆಟ್ಲುಪ್ಪಿನಿಂದ ಸಿಡಿಮದ್ದು ತಯಾರಿಸುವ ಕಾರಖಾನೆಯು ಅಲ್ಲಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. ಹದಿನಾಲ್ಕನೆಯ ಲೂಯಿಯ ಆಳಿಕೆಯಲ್ಲಿ, ೧೬೫೬ನೆಯ ಇಸವಿಯಲ್ಲಿ, ಅದು ನಿರ್ಗತಿಕರ ಆಶ್ರಯವಾಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದ ವೇಳೆಗೆ ಅಲ್ಲಿ ಸುಮಾರು ೫,೦೦೦ ಮಂದಿಯಿದ್ದರು. ಬಹುಮಟ್ಟಿಗೆ ಎಲ್ಲರೂ ಹೆಂಗಸರು. ದಿಕ್ಕಿಲ್ಲದ ಮುದುಕಿಯರು, ಬುದ್ಧಿ ಕೆಟ್ಟವರು, ಅಪಸ್ಮಾರ ರೋಗಿಗಳು, ಕೈಕಾಲು ಬಿದ್ದುಹೋದವರು. ಒಳಹೊಕ್ಕವರಲ್ಲಿ ಅನೇಕರು ಹೊರಬರುತ್ತಿದ್ದುದು ಶವವಾಗಿಯೇ. ಅಂಥ ಸ್ಥಳಕ್ಕೆ ೧೮೬೨ರಲ್ಲಿ ಮುಖ್ಯ ವೈದ್ಯರಾಗಿ ಬಂದು, ಕಡೆಯ ತನಕ ೩೧ ವರ್ಷ ಅದನ್ನು ಬಿಡದೆ ದುಡಿದವರು ಝಾಂ ಮಾರ್ತಾಂ ಶಾರ್ಕೋ.

ಶಾರ್ಕೋ ಅವರು ೧೮೨೫ರ ನವೆಂಬರ್ ೨೯ರಂದು ಪ್ಯಾರಿಸಿನಲ್ಲಿ ಜನಿಸಿದರು. ತಂದೆ ಗಾಡಿಗಳನ್ನು ಕಟ್ಟುವ ಕಸುಬಿನವರು. ಮಗ ಮಿತಭಾಷಿ, ಚಿತ್ರ ಬಿಡಿಸುವುದರಲ್ಲಿ ಬಲು ಕುಶಲ. ೧೮೫೩ರಲ್ಲಿ ವೈದ್ಯಪದವಿಗಾಗಿ ಬರೆದ ಪ್ರಬಂಧದಲ್ಲಿ ವಾತರಕ್ತವೂ ದೀರ್ಘಕಾಲದ ಸಂಧಿವಾತವೂ ಬೇರೆ ಬೇರೆ ರೋಗಗಳೆಂದು ಪ್ರತಿಪಾದಿಸಿದರು. ಕಲಸುಮೇಲೋಗರವಾಗಿದ್ದುದನ್ನು ಬಿಡಿಸಿ ಇಡುವ ಈ ಗುಣವೇ ಅವರ ಜೀವಮಾನದ ಬಂಡವಾಳವಾಯಿತು.

ಸಾಲ್ಪೆಟ್ರಿಯೇರಿನಲ್ಲಿ ಅವರೂ ಸಹೋದ್ಯೋಗಿ ವ್ಯುಲ್ಪಿಯಾಂ ಅವರೂ ಕೋಣೆ ಕೋಣೆಗೆ ಹೋಗಿ ರೋಗಿಗಳನ್ನು ಪರೀಕ್ಷಿಸಿ ಟಿಪ್ಪಣಿ ಮಾಡಿದರು. ಬದುಕಿರುವಾಗ ವರ್ಷಗಟ್ಟಲೆ ಲಕ್ಷಣಗಳನ್ನು ಬರೆದಿಡುವುದು. ಸತ್ತ ಮೇಲೆ ಮಿದುಳು ಬೆನ್ನುಹುರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಾಳೆ ಹಾಕುವುದು. ಇದೇ ಅವರ ಕ್ರಮ. ರೋಗಿಗಳು ಬೇರೆಲ್ಲಿಗೂ ಹೋಗಲಾರದವರಾದುದರಿಂದಲೇ ಈ ಕ್ರಮ ಸಾಧ್ಯವಾಯಿತೆಂಬುದನ್ನು ಮರೆಯಲಾಗದು. ರೋಗಗಳಿಗೆ ವೈದ್ಯರ ಹೆಸರು ಬಂದಿದೆ. ಆ ಹೆಂಗಸರಲ್ಲಿ ಬಹುಮಂದಿಯ ಹೆಸರು ಯಾರಿಗೂ ತಿಳಿಯದು.

ಆ ಕಾಲದಲ್ಲಿ ಮೈ ನಡುಗುವ ರೋಗಗಳನ್ನೆಲ್ಲ ಒಂದೇ ಎಂದು ಎಣಿಸುವುದಿತ್ತು. ಕೆಲವರಿಗೆ ಕೈ ಸುಮ್ಮನಿರುವಾಗ ನಡುಕ. ಮತ್ತೆ ಕೆಲವರಿಗೆ ಲೋಟವನ್ನೆತ್ತಲು ಕೈಚಾಚಿದಾಗ ಮಾತ್ರ ನಡುಕ. ಶಾರ್ಕೋ ಅವರು ರೋಗಿಗಳಿಗೆ ಉದ್ದನೆಯ ಗರಿಯುಳ್ಳ ಟೋಪಿಗಳನ್ನು ಇಡಿಸಿ, ಗರಿ ಅಲುಗುವ ರೀತಿಯಿಂದಲೇ ಸಭಿಕರಿಗೆ ಭೇದವನ್ನು ತೋರಿಸಿದರು. ಮೊದಲನೆಯದಕ್ಕೆ ಇಂಗ್ಲಿಷ್ ವೈದ್ಯ ಪಾರ್ಕಿನ್ಸನ್ನರ ಹೆಸರನ್ನು ಸಲ್ಲಿಸಿದವರು ಅವರೇ. ಎರಡನೆಯದೇ ಇಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಎನಿಸಿಕೊಳ್ಳುವ ರೋಗ. ಅದರಿಂದ ಸತ್ತವರ ನರವ್ಯೂಹದಲ್ಲಿ ಕಾಣುವ ಗಟ್ಟಿಯಾದ ಮಚ್ಚೆಗಳನ್ನು ಕಾರ್ಸ್‌ವೆಲ್, ಕ್ರುವೇಯೇ ಮೊದಲಾದವರು ಮುಂಚೆಯೇ ಚಿತ್ರಿಸಿದ್ದರು. ಕಣ್ಣುಗುಡ್ಡೆಯ ಅದಿರಾಟ, ಕೈಯ ನಡುಕ, ತಡೆತಡೆದು ಬರುವ ಮಾತು, ಇವುಗಳನ್ನು ಆ ಮಚ್ಚೆಗಳೊಡನೆ ಕೂಡಿಸಿ ೧೮೬೮ರಲ್ಲಿ ರೋಗಕ್ಕೊಂದು ಸ್ವರೂಪ ಕೊಟ್ಟವರು ಶಾರ್ಕೋ. ವಿದ್ಯುತ್ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ನರತಂತುವಿಗೆ ಮೈಲಿನ್ ಎಂಬ ಹೊದಿಕೆಯುಂಟು; ಮಚ್ಚೆಯಿದ್ದೆಡೆ ಹೊದಿಕೆ ನಾಶವಾಗಿ ತಂತು ಉಳಿದಿರುವುದನ್ನೂ ಅವರು ಕಂಡರು. ಮಾಂಸಖಂಡಗಳು ಸೊರಗಿ ಉಸಿರು ನಿಲ್ಲುವ ಮತ್ತೊಂದು ಘೋರ ರೋಗವನ್ನೂ ಬೇರ್ಪಡಿಸಿದರು. ಫ್ರಾನ್ಸಿನಲ್ಲಿ ಅದಕ್ಕೆ ಅವರದೇ ಹೆಸರು.

೧೮೮೨ರಲ್ಲಿ ಅವರಿಗಾಗಿಯೇ ನರರೋಗಗಳ ಪ್ರಾಧ್ಯಾಪಕ ಪೀಠವು ಸ್ಥಾಪಿತವಾಯಿತು. ವಿಯೆನ್ನಾದಿಂದ ತರುಣ ಫ್ರಾಯ್ಡ್ ೧೮೮೫ರಲ್ಲಿ ಬಂದು ಅವರ ಬಳಿ ಕಲಿತರು. ಆದರೆ ಇದೇ ಕಾಲದಲ್ಲಿ ಶಾರ್ಕೋ ಎಡವಿದರೆಂದೂ ಹೇಳಬೇಕು. ಹಿಸ್ಟೀರಿಯಾದ ಹೆಂಗಸರನ್ನು ಸಭೆಯ ಮುಂದೆ ನಿಲ್ಲಿಸಿ, ಸಮ್ಮೋಹನಗೊಳಿಸಿ, ಅವರ ಚೇಷ್ಟೆಗಳಿಗೆ ನಿಯಮಗಳನ್ನು ಕಲ್ಪಿಸಿದರು. ಗುರುವಿನ ಇಷ್ಟವನ್ನರಿತೇ ರೋಗಿಗಳು ಹಾಗೆ ವರ್ತಿಸುತ್ತಿದ್ದರೆಂಬ ಆಕ್ಷೇಪವು ಬಂದಿತು. ಅವರ ಶಿಷ್ಯ ಬಾಬಿನ್‌ಸ್ಕಿಯೇ ಮುಂದೆ ಆ ಮತವನ್ನು ಕೈಬಿಟ್ಟರು. ಶವದ ಸಾಕ್ಷ್ಯವಿಲ್ಲದ ಕಡೆ ಅವರ ಕ್ರಮಕ್ಕೆ ಆಧಾರವೇ ಇರಲಿಲ್ಲ.

ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಅವರ ಬಳಿ ಔಷಧವಿರಲಿಲ್ಲ. ಸಿಲ್ವರ್ ನೈಟ್ರೇಟ್, ಸ್ಟ್ರಿಕ್ನಿನ್ ಮುಂತಾದುವು ಫಲಿಸಲಿಲ್ಲ. ಕಾರಣವೂ ಗೊತ್ತಾಗಲಿಲ್ಲ, ಶೀತವೋ, ಜ್ವರವೋ, ಮನೋವ್ಯಥೆಯೋ ಎಂದು ಊಹಿಸಿದರು. ೧೮೯೩ರ ಆಗಸ್ಟ್ ೧೬ರಂದು, ಪ್ರವಾಸದಲ್ಲಿದ್ದಾಗ, ಅವರು ಗತಿಸಿದರು.

೧೯೩೩ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಕೋತಿಗಳಿಗೆ ಮೊಲದ ಆರೋಗ್ಯಕರ ಮಿದುಳಿನ ಸಾರವನ್ನು ಪದೇ ಪದೇ ಚುಚ್ಚಿದಾಗ, ಕೆಲವಕ್ಕೆ ಕೈಕಾಲು ಬಿದ್ದುಹೋಗಿ, ನರದ ಹೊದಿಕೆ ನಾಶವಾಯಿತು. ರೋಗಾಣುವೊಂದೂ ಸಿಕ್ಕಲಿಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಸ್ವಂತ ನರಗಳ ಮೇಲೆ ತಿರುಗಿಬೀಳುವುದುಂಟೆಂಬ ವಿಚಾರವು ಇಂಥ ಪ್ರಯೋಗಗಳಿಂದ ಬೆಳೆಯಿತು. ಈ ರೋಗದ ಮರುಕಳಿಕೆಯನ್ನು ತಗ್ಗಿಸುವ ಮೊದಲನೆಯ ಔಷಧ, ಬೀಟಾ ಇಂಟರ್‌ಫೆರಾನ್, ಅಮೆರಿಕದಲ್ಲಿ ಅಂಗೀಕೃತವಾದುದು ೧೯೯೩ರಲ್ಲಿ. ಶಾರ್ಕೋ ಅವರು ತೀರಿಕೊಂಡು ಆಗ ನೂರು ವರ್ಷಗಳಾಗಿದ್ದವು.